ಒಂಟಾರಿಯೊದ ಕ್ಯಾಥೋಲಿಕ್ ಸ್ಕೂಲ್ ಬೋರ್ಡ್: ದುಡ್ಡು ಸರ್ಕಾರದ್ದು, ಹಕ್ಕು 1867ರದ್ದು

ನಮ್ಮಲ್ಲಿ ಬೋರ್ಡ್ ಎಂದರೆ ಪರೀಕ್ಷೆ ನಡೆಸಿ ಅಂಕಪಟ್ಟಿ ಕೊಡುವ ಸಂಸ್ಥೆ. ಕೆನಡಾದ ಒಂಟಾರಿಯೊದಲ್ಲಿ ಹಾಗಲ್ಲ. ಅಲ್ಲಿ ಸ್ಕೂಲ್ ಬೋರ್ಡ್ ಎಂದರೆ ಒಂದು ಪ್ರದೇಶದ ಶಾಲೆಗಳಿಗೆಲ್ಲ ಯಜಮಾನ. ಕಟ್ಟಡ ಅದರದ್ದು, ಶಿಕ್ಷಕರ ಸಂಬಳದ ಚೀಟಿ ಅದರದ್ದು, ಬಸ್ಸು ಯಾವ ಬೀದಿಗೆ ಬರಬೇಕೆಂಬ ತೀರ್ಮಾನವೂ ಅದರದ್ದು. ಅದರ ಸದಸ್ಯರನ್ನು, ಅಂದರೆ ಟ್ರಸ್ಟಿಗಳನ್ನು, ಜನ ಮತ ಹಾಕಿ ಆರಿಸುತ್ತಾರೆ. ಇನ್ನೂ ವಿಚಿತ್ರವೆಂದರೆ, ಒಂದೇ ಊರಿನ ಮೇಲೆ ಇಂಥ ನಾಲ್ಕು ಬೋರ್ಡ್‌ಗಳು ಒಂದರ ಮೇಲೊಂದು ಹಾಸಿಕೊಂಡಿರುತ್ತವೆ: ಇಂಗ್ಲಿಷ್ ಸಾರ್ವಜನಿಕ, ಇಂಗ್ಲಿಷ್ ಕ್ಯಾಥೋಲಿಕ್, ಫ್ರೆಂಚ್ ಸಾರ್ವಜನಿಕ, ಫ್ರೆಂಚ್ ಕ್ಯಾಥೋಲಿಕ್. ಇಡೀ ಪ್ರಾಂತ್ಯದಲ್ಲಿ ಜಿಲ್ಲಾ ಬೋರ್ಡ್‌ಗಳು 72. ಅದರಲ್ಲಿ ಇಂಗ್ಲಿಷ್ ಕ್ಯಾಥೋಲಿಕ್ 29, ಫ್ರೆಂಚ್ ಕ್ಯಾಥೋಲಿಕ್ 8. ಇವೆಲ್ಲ ಪೂರ್ತಿ ಸರ್ಕಾರಿ ದುಡ್ಡಿನಲ್ಲಿ ನಡೆಯುವ, ಶುಲ್ಕವಿಲ್ಲದ ಶಾಲೆಗಳು. ಹೊಸದಾಗಿ ವಲಸೆ ಬಂದವರು ಕ್ಯಾಥೋಲಿಕ್ ಶಾಲೆ ಎಂಬ ಫಲಕ ನೋಡಿ, ನಮ್ಮ ಕಾನ್ವೆಂಟ್‌ನಂತೆ ಖಾಸಗಿ ಇರಬೇಕು, ಫೀಸು ಎಷ್ಟಿದೆಯೋ ಎಂದು ಹಿಂಜರಿಯುವುದು ಮಾಮೂಲು.

ಒಂದು ಧರ್ಮದ ಒಂದು ಪಂಗಡಕ್ಕೆ ಮಾತ್ರ ಸರ್ಕಾರ ಪೂರ್ತಿ ಖರ್ಚು ಕೊಡುವುದು ಏಕೆ ಎಂಬ ಪ್ರಶ್ನೆಗೆ ಉತ್ತರ ಧರ್ಮಶಾಸ್ತ್ರದಲ್ಲಿಲ್ಲ, ಒಂದು ರಾಜಕೀಯ ಚೌಕಾಸಿಯಲ್ಲಿದೆ.

1841ರಲ್ಲಿ ಮೇಲಿನ ಕೆನಡಾ (ಈಗಿನ ಒಂಟಾರಿಯೊ ಭಾಗ) ಮತ್ತು ಕೆಳಗಿನ ಕೆನಡಾ (ಈಗಿನ ಕ್ವಿಬೆಕ್ ಭಾಗ) ಎರಡನ್ನೂ ಒಂದು ಮಾಡಿದಾಗ ಬಂದ ಶಾಲಾ ಕಾಯ್ದೆಯಲ್ಲೇ, ಊರಿನ ಬಹುಸಂಖ್ಯಾತರ ಧರ್ಮಕ್ಕೆ ಸೇರದವರು ಬೇರೆ ಶಾಲೆ ಮಾಡಿಕೊಳ್ಳಬಹುದೆಂಬ ಅವಕಾಶವಿತ್ತು. 'ಸೆಪರೇಟ್ ಸ್ಕೂಲ್' ಎಂಬ ಹೆಸರಿನ ಬೇರು ಅಲ್ಲಿದೆ. ಆಗ ಅದು ಎರಡೂ ಕಡೆಗೆ ಅನ್ವಯಿಸುತ್ತಿತ್ತು. ಕ್ಯಾಥೋಲಿಕರೇ ಹೆಚ್ಚಿರುವ ಊರಿನಲ್ಲಿ ಪ್ರೊಟೆಸ್ಟೆಂಟರೂ ಬೇರೆ ಶಾಲೆ ಕೇಳಬಹುದಿತ್ತು. ಅಂಥದ್ದೊಂದು ಪ್ರೊಟೆಸ್ಟೆಂಟ್ ಸೆಪರೇಟ್ ಬೋರ್ಡ್ ಪೆನೆಟಾಂಗ್ವಿಶೀನ್ ಎಂಬ ಪಟ್ಟಣದಲ್ಲಿ ಒಂದೇ ಒಂದು ಶಾಲೆ ಇಟ್ಟುಕೊಂಡು ನಮ್ಮ ಕಾಲದವರೆಗೂ ಬಾಳಿದೆ. 72ರ ಲೆಕ್ಕದಲ್ಲಿ ಅದು ಇಲ್ಲ.

1847ರ ಬೇಸಿಗೆಯಲ್ಲಿ ಐರ್ಲೆಂಡಿನ ಕ್ಷಾಮದಿಂದ ಓಡಿಬಂದ 38,000ಕ್ಕೂ ಹೆಚ್ಚು ಜನ ಟೊರಾಂಟೊದಲ್ಲಿ ಹಡಗಿನಿಂದಿಳಿದರು. ಊರಿನ ಜನಸಂಖ್ಯೆಯೇ ಆಗ ಸುಮಾರು 20,000. ಅವರಿಗೆ ಉಪಚಾರ ಮಾಡುತ್ತ ಮೊದಲ ಬಿಷಪ್ ಮೈಕೆಲ್ ಪವರ್ ಟೈಫಸ್ ಜ್ವರ ತಗುಲಿ ಅದೇ ವರ್ಷ ತೀರಿಕೊಂಡರು. ಅದೇ ವರ್ಷ ಲೊರೆಟೊ ಸಿಸ್ಟರ್‌ಗಳು ಬಂದಿಳಿದರು. 1851ರಲ್ಲಿ ಸಂತ ಜೋಸೆಫರ ಸಿಸ್ಟರ್‌ಗಳು ಬಂದರು. ಮುಂದಿನ ನೂರು ವರ್ಷ ಈ ಶಾಲೆಗಳು ಉಳಿದದ್ದು ಹೆಚ್ಚುಕಡಿಮೆ ಸಂಬಳವಿಲ್ಲದೆ ದುಡಿದ ಇಂಥ ಸಿಸ್ಟರ್‌ಗಳ ಬೆನ್ನಿನ ಮೇಲೆ. ಅತ್ತ ಶಿಕ್ಷಣ ಇಲಾಖೆಯ ಮುಖ್ಯಸ್ಥ ಎಗರ್ಟನ್ ರೈರ್ಸನ್, ಮೆಥಡಿಸ್ಟ್ ಪಾದ್ರಿ, ಎಲ್ಲರಿಗೂ ಒಂದೇ ಸಾಮಾನ್ಯ ಶಾಲೆ ಸಾಕು ಎನ್ನುವವರು. ಇತ್ತ ಪವರ್ ನಂತರ ಬಂದ ಬಿಷಪ್ ಶಾರ್ಬೊನೆಲ್ ಸಾಕಾಗದು ಎನ್ನುವವರು. ಇಬ್ಬರ ಜಟಾಪಟಿಯ ನಡುವೆ 1855ರಲ್ಲಿ ಒಂದು ಕಾಯ್ದೆ, ಆಮೇಲೆ 1863ರಲ್ಲಿ ರಿಚರ್ಡ್ ಸ್ಕಾಟ್ ತಂದ ಕಾಯ್ದೆ ಬಂದವು.

ಸ್ಕಾಟ್ ಕಾಯ್ದೆ ಎಲ್ಲಕ್ಕೂ ಬುಡ. ಸೆಪರೇಟ್ ಶಾಲೆಯ ಟ್ರಸ್ಟಿಗಳಿಗೆ ಸಾಮಾನ್ಯ ಶಾಲೆಯ ಟ್ರಸ್ಟಿಗಳಷ್ಟೇ ಅಧಿಕಾರ, ಸರ್ಕಾರಿ ಅನುದಾನದಲ್ಲಿ ಪಾಲು, ಸಾಮಾನ್ಯ ಶಾಲೆಯ ತೆರಿಗೆಯಿಂದ ವಿನಾಯಿತಿ. ಬದಲಿಗೆ ಸರ್ಕಾರದ ತಪಾಸಣೆಗೆ ಒಳಪಡಬೇಕು. ಮೇಲಿನ ಕೆನಡಾದ ಸದಸ್ಯರಲ್ಲಿ ಹೆಚ್ಚಿನವರು ವಿರೋಧಿಸಿದರೂ ಕೆಳಗಿನ ಕೆನಡಾದ ಕ್ಯಾಥೋಲಿಕ್ ಸದಸ್ಯರ ಮತಗಳಿಂದ ಅದು ಪಾಸಾಯಿತು. ನಾಲ್ಕು ವರ್ಷಗಳ ನಂತರ ಕೆನಡಾ ಒಕ್ಕೂಟವಾದಾಗ, 1867ರ ಸಂವಿಧಾನ ಕಾಯ್ದೆಯ 93ನೇ ವಿಧಿ ಇದಕ್ಕೆ ಬೀಗ ಹಾಕಿತು: ಒಕ್ಕೂಟವಾಗುವ ಹೊತ್ತಿಗೆ ಧಾರ್ಮಿಕ ಶಾಲೆಗಳ ವಿಷಯದಲ್ಲಿ ಕಾನೂನಿನಿಂದ ಯಾರಿಗೆ ಯಾವ ಹಕ್ಕಿತ್ತೋ ಅದಕ್ಕೆ ಪ್ರಾಂತ್ಯದ ಶಾಸನಸಭೆ ಧಕ್ಕೆ ತರುವಂತಿಲ್ಲ. ಒಂಟಾರಿಯೊದ ಕ್ಯಾಥೋಲಿಕರಿಗೂ ಕ್ವಿಬೆಕ್‌ನ ಪ್ರೊಟೆಸ್ಟೆಂಟರಿಗೂ ಒಟ್ಟಿಗೇ ಕೊಟ್ಟ ಭರವಸೆ ಅದು. ಅಂದಿನಿಂದ ಈ ಶಾಲೆಗಳ ಪ್ರತಿ ಜಗಳವೂ ಕೊನೆಗೆ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ: 1867ರಲ್ಲಿ ಇದು ಇತ್ತೇ, ಇರಲಿಲ್ಲವೇ?

ಹೈಸ್ಕೂಲಿನ ವಿಷಯದಲ್ಲಿ ಆದದ್ದು ಇದೇ. ಟೈನಿ ಎಂಬ ಟೌನ್‌ಶಿಪ್‌ನ ಟ್ರಸ್ಟಿಗಳು ಹೂಡಿದ ದಾವೆ, ಆಗ ಕೆನಡಾಕ್ಕೂ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್ ತನಕ ಹೋಯಿತು. (ಗವರ್ನರನ ಹೆಂಡತಿ ಸಾಕಿದ್ದ ಪುಟ್ಟ ನಾಯಿಯ ಹೆಸರನ್ನೇ ಆ ಜಾಗಕ್ಕೆ ಇಟ್ಟರು ಎಂದು ಹೇಳುತ್ತಾರೆ.) 1928ರ ತೀರ್ಪು ಟ್ರಸ್ಟಿಗಳ ವಿರುದ್ಧ ಬಂತು, ಹೈಸ್ಕೂಲಿಗೆ ಸರ್ಕಾರ ಹಣ ಕೊಡಲೇಬೇಕೆಂಬ ಸಾಂವಿಧಾನಿಕ ಹಕ್ಕು ಕ್ಯಾಥೋಲಿಕರಿಗಿಲ್ಲ ಎಂದಾಯಿತು. ಪರಿಣಾಮ ಒಂದು ವಿಚಿತ್ರ ಕತ್ತರಿ. 9 ಮತ್ತು 10ನೇ ತರಗತಿಗೆ ಪ್ರಾಥಮಿಕ ಶಾಲೆಯ ದರದಲ್ಲಿ ಒಂದಿಷ್ಟು ಅನುದಾನ. 11ರಿಂದ ಮೇಲಕ್ಕೆ ಅದೇ ಕಟ್ಟಡ, ಅದೇ ಕಾರಿಡಾರು, ಆದರೆ ಖಾಸಗಿ ಶಾಲೆ, ಶುಲ್ಕ. ಇದರ ಜೊತೆಗೆ ಕಂಪನಿಗಳ ಆಸ್ತಿ ತೆರಿಗೆ ಬಹುಪಾಲು ಸಾರ್ವಜನಿಕ ಬೋರ್ಡ್‌ಗಳ ಪಾಲಾಗುತ್ತಿತ್ತು. 1936ರಲ್ಲಿ ಮಿಚೆಲ್ ಹೆಪ್‌ಬರ್ನ್ ಸರ್ಕಾರ ಅದರಲ್ಲಿ ಪಾಲು ಕೊಡಿಸಲು ಕಾನೂನು ಮಾಡಿತು, ಗದ್ದಲ ತಡೆಯಲಾಗದೆ ಮರುವರ್ಷವೇ ಹಿಂತೆಗೆದುಕೊಂಡಿತು. ಪ್ರಾಥಮಿಕ ಹಂತದ ಬಡತನ ಕಡಿಮೆಯಾಗತೊಡಗಿದ್ದು ಬಡ ಬೋರ್ಡ್‌ಗಳಿಗೆ ಹೆಚ್ಚು ಅನುದಾನ ಕೊಟ್ಟ 1964ರ ಫೌಂಡೇಶನ್ ಯೋಜನೆ ಬಂದಮೇಲೆ.

ಊರಿಗೊಂದರಂತೆ ಇದ್ದ ಸಣ್ಣಪುಟ್ಟ ಬೋರ್ಡ್‌ಗಳನ್ನು ಕೌಂಟಿ ಮಟ್ಟಕ್ಕೆ ಕೂಡಿಸಿದ್ದು 1969ರ ಜನವರಿ 1ರಂದು. ಇವತ್ತು ಪ್ರಾದೇಶಿಕ ಬೋರ್ಡ್ ಎನ್ನುವುದರ ಆಕಾರ ಬಂದದ್ದು ಆಗಲೇ. ಹಳ್ಳಿಯಲ್ಲಿ ಮೂವರು ಟ್ರಸ್ಟಿಗಳು ಅಡುಗೆಮನೆಯ ಮೇಜಿನ ಸುತ್ತ ಕೂತು ಸೌದೆ ಖರೀದಿಯ ಲೆಕ್ಕ ನೋಡುತ್ತಿದ್ದ ಕಾಲ ಅಲ್ಲಿಗೆ ಮುಗಿದು, ಡೈರೆಕ್ಟರ್, ಸೂಪರಿಂಟೆಂಡೆಂಟ್, ಯೋಜನಾ ವಿಭಾಗ ಎಂಬ ಅಧಿಕಾರಿ ವರ್ಗ ಶುರುವಾಯಿತು.

1971ರಲ್ಲಿ ಹೈಸ್ಕೂಲಿಗೆ ಹಣ ಕೊಡುವುದಿಲ್ಲ ಎಂದು ಹೇಳಿ ಚುನಾವಣೆ ಗೆದ್ದಿದ್ದ ಪ್ರೀಮಿಯರ್ ಬಿಲ್ ಡೇವಿಸ್, 1984ರ ಜೂನ್ 12ರಂದು ಶಾಸನಸಭೆಯಲ್ಲಿ ಎದ್ದು ನಿಂತು ಪೂರ್ತಿ ಕೊಡುತ್ತೇವೆ ಎಂದರು. (ಅಲ್ಲಿ ಪ್ರಾಂತ್ಯದ ಮುಖ್ಯಸ್ಥನನ್ನು ಪ್ರೀಮಿಯರ್ ಎನ್ನುತ್ತಾರೆ, ನಮ್ಮ ಲೆಕ್ಕದಲ್ಲಿ ಮುಖ್ಯಮಂತ್ರಿ ಎನ್ನುವುದೇ ಸರಿ.) ಕಾನೂನು ಮಾಡಿದ್ದು ಆಮೇಲೆ ಬಂದ ಡೇವಿಡ್ ಪೀಟರ್ಸನ್ ಸರ್ಕಾರ, 1986ರಲ್ಲಿ, ಬಿಲ್ 30 ಎಂಬ ಹೆಸರಿನಲ್ಲಿ. 1987ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಇದರ ಒಂದು ಷರತ್ತು ಇವತ್ತಿಗೂ ಮುಖ್ಯ: ಹೈಸ್ಕೂಲಿನ ಬಾಗಿಲು ಎಲ್ಲ ಧರ್ಮದವರಿಗೂ ತೆರೆದಿರಬೇಕು.

ಹೀಗೆ ನೂರಿಪ್ಪತ್ತು ವರ್ಷ ದುಡ್ಡಿಗಾಗಿ ಹೋರಾಡಿ ಗೆದ್ದ ಬೋರ್ಡ್‌ಗಳು ಹತ್ತೇ ವರ್ಷದಲ್ಲಿ ದುಡ್ಡಿನ ಮೇಲಿನ ಹಿಡಿತ ಕಳೆದುಕೊಂಡವು. 1997ರಲ್ಲಿ ಮೈಕ್ ಹ್ಯಾರಿಸ್ ಸರ್ಕಾರ ಎರಡು ಕಾನೂನು ತಂದಿತು. ಒಂದು, 129 ಬೋರ್ಡ್‌ಗಳನ್ನು 72ಕ್ಕೆ ಇಳಿಸಿತು. ಮೆಟ್ರೋಪಾಲಿಟನ್ ಸೆಪರೇಟ್ ಸ್ಕೂಲ್ ಬೋರ್ಡ್ ಎಂದಿದ್ದದ್ದು ಟೊರಾಂಟೊ ಕ್ಯಾಥೋಲಿಕ್ ಡಿಸ್ಟ್ರಿಕ್ಟ್ ಸ್ಕೂಲ್ ಬೋರ್ಡ್ ಆದದ್ದು ಈ ಸುತ್ತಿನಲ್ಲಿ. ಇನ್ನೊಂದು, ಬಿಲ್ 160, ತೆರಿಗೆ ದರ ನಿಗದಿ ಮಾಡುವ ಅಧಿಕಾರವನ್ನು ಬೋರ್ಡ್‌ಗಳ ಕೈಯಿಂದ ಕಿತ್ತುಕೊಂಡಿತು. ಶಿಕ್ಷಕರು ಎರಡು ವಾರ ಶಾಲೆ ಬಿಟ್ಟು ಬೀದಿಗಿಳಿದರು. ತೆರಿಗೆ ಹಾಕುವುದೂ 1867ರ ಹಕ್ಕೇ ಎಂದು ಕ್ಯಾಥೋಲಿಕ್ ಶಿಕ್ಷಕರ ಸಂಘ ವಾದಿಸಿತು. 2001ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ: ಹಕ್ಕಿರುವುದು ನ್ಯಾಯವಾದ ಹಣದ ಪಾಲಿಗೆ, ಅದನ್ನು ಎತ್ತುವ ವಿಧಾನಕ್ಕಲ್ಲ.

ಈ ಬದಲಾವಣೆ ಸರಿಯಾಗಿ ಅರ್ಥವಾಗದೆ ಇವತ್ತಿಗೂ ಜನ ಎಡವುವ ಜಾಗವೊಂದಿದೆ. ಮನೆ ಕೊಂಡಾಗ ಅಥವಾ ಬಾಡಿಗೆಗೆ ಹೋದಾಗ, ನಿಮ್ಮ ಶಾಲಾ ಬೆಂಬಲ ಯಾವ ಬೋರ್ಡ್‌ಗೆ ಎಂದು ದಾಖಲಿಸಬೇಕು. ದಾಖಲೆ ಇಟ್ಟುಕೊಳ್ಳುವುದು ಆಸ್ತಿ ಮೌಲ್ಯಮಾಪನ ಮಾಡುವ ಎಂಪ್ಯಾಕ್ ಸಂಸ್ಥೆ. ಏನೂ ಹೇಳದಿದ್ದರೆ ತಾನಾಗಿ ಇಂಗ್ಲಿಷ್ ಸಾರ್ವಜನಿಕ ಎಂದು ಬರೆದುಕೊಳ್ಳುತ್ತದೆ. ಕ್ಯಾಥೋಲಿಕ್ ಎಂದು ಬರೆಸಿದರೆ ತೆರಿಗೆ ಹೆಚ್ಚಾಗುತ್ತದೆ ಎಂದು ಕೆಲವರು ಹೆದರುತ್ತಾರೆ. ಬರೆಸದಿದ್ದರೆ ಶಾಲೆಗೆ ದುಡ್ಡು ಕಡಿಮೆ ಬರುತ್ತದೆ ಎಂದು ಇನ್ನು ಕೆಲವರು ಕೊರಗುತ್ತಾರೆ. ಎರಡೂ ತಪ್ಪು. ವಾಸದ ಮನೆಗೆ ಶಿಕ್ಷಣ ತೆರಿಗೆ ದರ ಪ್ರಾಂತ್ಯಕ್ಕೆಲ್ಲ ಒಂದೇ, ಶೇ 0.153. ಮೌಲ್ಯ 5,00,000 ಡಾಲರ್ ಎಂದು ದಾಖಲಾಗಿದ್ದರೆ ವರ್ಷಕ್ಕೆ 765 ಡಾಲರ್, ಯಾವ ಬೋರ್ಡಾದರೂ ಸರಿ. ಮೌಲ್ಯ ಎಂದರೆ ಮಾರುಕಟ್ಟೆಯ ಇವತ್ತಿನ ಬೆಲೆಯಲ್ಲ, 2016ರ ಜನವರಿ 1ರ ಲೆಕ್ಕ. ಅದನ್ನು ಪರಿಷ್ಕರಿಸುವುದು ವರ್ಷ ವರ್ಷ ಮುಂದಕ್ಕೆ ಹೋಗಿದೆ. ಬೋರ್ಡ್‌ಗೆ ಇಷ್ಟು ಸಿಗಬೇಕೆಂದು ಪ್ರಾಂತ್ಯದ ಅನುದಾನ ಸೂತ್ರ ಹೇಳುತ್ತದೆ, ಸ್ಥಳೀಯ ತೆರಿಗೆಯಿಂದ ಬಂದದ್ದನ್ನು ಅದರಲ್ಲಿ ಕಳೆದು ಉಳಿದದ್ದನ್ನು ಪ್ರಾಂತ್ಯ ತುಂಬುತ್ತದೆ. ಹಾಗಾದರೆ ಆ ಫಾರಂ ಯಾಕೆ? ಮತದಾನಕ್ಕಾಗಿ. ಕ್ಯಾಥೋಲಿಕ್ ಟ್ರಸ್ಟಿಯ ಮತಪತ್ರ ಸಿಗಬೇಕಾದರೆ ನೀವು ಕ್ಯಾಥೋಲಿಕರಾಗಿರಬೇಕು, ಪಟ್ಟಿಯಲ್ಲೂ ಹಾಗೇ ಇರಬೇಕು. ಮತಗಟ್ಟೆಗೆ ಹೋದಮೇಲೆ ಕೈಗೆ ಬೇರೆ ಮತಪತ್ರ ಬಂದಾಗಲೇ ಎಷ್ಟೋ ಜನಕ್ಕೆ ಇದು ಗೊತ್ತಾಗುವುದು. ರೋಮಿನೊಂದಿಗೆ ಐಕ್ಯದಲ್ಲಿರುವ ಗ್ರೀಕ್ ಮತ್ತು ಉಕ್ರೇನಿಯನ್ ಕ್ರಮದವರನ್ನೂ ಶಿಕ್ಷಣ ಕಾಯ್ದೆ ಕ್ಯಾಥೋಲಿಕರೆಂದೇ ಎಣಿಸುತ್ತದೆ.

ಇನ್ನು ಸೂತ್ರ. ಬೋರ್ಡ್‌ನ ಹಣಕಾಸು ವರ್ಷ ಸೆಪ್ಟೆಂಬರ್ 1ರಿಂದ ಆಗಸ್ಟ್ 31. ಮಕ್ಕಳ ತಲೆ ಎಣಿಸುವ ದಿನಗಳು ಎರಡು, ಅಕ್ಟೋಬರ್ 31 ಮತ್ತು ಮಾರ್ಚ್ 31. ಎರಡರ ಸರಾಸರಿಯೇ ಅನುದಾನದ ತಳಹದಿ. ಅಕ್ಟೋಬರ್‌ನಲ್ಲಿ 400, ಮಾರ್ಚ್‌ನಲ್ಲಿ 390 ಇದ್ದರೆ 395 ಮಕ್ಕಳ ದುಡ್ಡು. ಹೈಸ್ಕೂಲಿನಲ್ಲಿ ಎರಡನೇ ಸೆಮಿಸ್ಟರ್‌ಗೆ ಒಂದಿಷ್ಟು ಮಕ್ಕಳು ಬಿಟ್ಟುಹೋಗುವುದು, ಕೋರ್ಸ್ ಕಡಿಮೆ ಮಾಡಿಕೊಳ್ಳುವುದು ಇದ್ದದ್ದೇ. ಶಿಕ್ಷಕರನ್ನು ಮಾತ್ರ ಇಡೀ ವರ್ಷಕ್ಕೆ ನೇಮಿಸಿ ಆಗಿರುತ್ತದೆ. ಖರ್ಚಿನ ಸಿಂಹಪಾಲು ಸಂಬಳವೇ ಆದ್ದರಿಂದ ದಾಖಲಾತಿ ಅಂದಾಜು ತಪ್ಪಿದರೆ ಬಜೆಟ್ಟಿನಲ್ಲಿ ಸರಿಪಡಿಸಲು ಬೇರೆ ಜಾಗವೇ ಇರುವುದಿಲ್ಲ.

ತರಗತಿಯ ಗಾತ್ರಕ್ಕೆ ಮಿತಿ ಇನ್ನೊಂದು ಗಂಟು. 1ರಿಂದ 3ನೇ ತರಗತಿಯವರೆಗೆ ಯಾವ ಕೊಠಡಿಯಲ್ಲೂ 23 ಮಕ್ಕಳಿಗಿಂತ ಹೆಚ್ಚು ಇರುವಂತಿಲ್ಲ, ಬೋರ್ಡ್‌ನ ಶೇ 90ರಷ್ಟು ಕೊಠಡಿಗಳಲ್ಲಿ 20 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಒಂದು ಶಾಲೆಯಲ್ಲಿ ಒಂದನೇ ತರಗತಿಗೆ 47 ಮಕ್ಕಳು ಬಂದರು ಎನ್ನಿ. ಎರಡು ಕೊಠಡಿ ಮಾಡಿದರೆ ಒಂದರಲ್ಲಿ 24, ಮಿತಿ ಮೀರಿತು. ಮೂರು ಮಾಡಲು ದುಡ್ಡಿಲ್ಲ. ಆಗ 40 ಮಕ್ಕಳನ್ನು ಎರಡು ಕೊಠಡಿಗೆ ಹಂಚಿ, ಮಿಕ್ಕ ಏಳು ಮಕ್ಕಳನ್ನು ಎರಡನೇ ತರಗತಿಯವರ ಜೊತೆ ಸೇರಿಸಿ ಜೋಡಿ ತರಗತಿ ಮಾಡುತ್ತಾರೆ. ಶಾಲೆ ಶುರುವಾಗಿ ಎರಡು ಮೂರು ವಾರಕ್ಕೆ ಮಗುವಿನ ಟೀಚರ್ ಬದಲಾದರು ಎಂದು ಪೋಷಕರು ಪ್ರಿನ್ಸಿಪಾಲರ ಮೇಲೆ ಹರಿಹಾಯುವುದು ಇದರಿಂದಲೇ. ಪ್ರಿನ್ಸಿಪಾಲರ ಕೈಯಲ್ಲಿ ಇರುವುದು ಹೆಸರಿನ ಪಟ್ಟಿ ಮಾತ್ರ; ಅಂಕಿ ಮೇಲಿನಿಂದ ಬಂದಿರುತ್ತದೆ.

ಜೂನ್ 30ರೊಳಗೆ ಬಜೆಟ್ ಒಪ್ಪಿ ಸಚಿವಾಲಯಕ್ಕೆ ಕಳಿಸಬೇಕು. ಕೊರತೆ ತೋರಿಸಬಹುದು, ಆದರೆ ಕೂಡಿಟ್ಟ ಉಳಿತಾಯ ಮತ್ತು ಕಾರ್ಯಾಚರಣೆ ಅನುದಾನದ ಶೇ 1, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ಮೀರಿದರೆ ಸಚಿವರ ಒಪ್ಪಿಗೆ ಬೇಕು. ಮಕ್ಕಳು ಕಡಿಮೆಯಾದ ಶಾಲೆ ಮುಚ್ಚಿ ಉಳಿಸೋಣ ಎಂದರೆ 2017ರಿಂದ ಶಾಲೆ ಮುಚ್ಚುವ ಪರಿಶೀಲನೆಗೇ ತಡೆ ಬಿದ್ದಿದೆ. ಸಂಬಳ ಹೆಚ್ಚಿಸುವ ಮಾತುಕತೆಯೂ 2014ರ ಕಾಯ್ದೆಯ ಮೇಲೆ ಎರಡು ಹಂತವಾಗಿದೆ: ದುಡ್ಡಿನ ವಿಷಯ ಪ್ರಾಂತ್ಯ ಮಟ್ಟದಲ್ಲಿ, ಸರ್ಕಾರ, ಟ್ರಸ್ಟಿಗಳ ಒಕ್ಕೂಟ, ಶಿಕ್ಷಕರ ಸಂಘ ಮೂವರೂ ಕೂತು, ಚಿಲ್ಲರೆ ವಿಷಯ ಸ್ಥಳೀಯವಾಗಿ. ವರಮಾನವೂ ಕೈಯಲ್ಲಿಲ್ಲ, ದೊಡ್ಡ ಖರ್ಚೂ ಕೈಯಲ್ಲಿಲ್ಲ. ಬೋರ್ಡ್ ಸಭೆಯಲ್ಲಿ ಬಜೆಟ್ ಚರ್ಚೆ ಜೋರಾದಷ್ಟೂ ಈ ಮಾತು ನೆನಪಿಟ್ಟುಕೊಂಡು ನೋಡಬೇಕು.

ಆ ಸಭೆಯ ಕ್ರಮ ಹೀಗಿದೆ. ನಾಲ್ಕು ವರ್ಷಕ್ಕೊಮ್ಮೆ, ಅಕ್ಟೋಬರ್‌ನ ನಾಲ್ಕನೇ ಸೋಮವಾರ, ನಗರಸಭೆ ಚುನಾವಣೆಯ ಜೊತೆಗೇ ಟ್ರಸ್ಟಿಗಳ ಆಯ್ಕೆ. ಟೊರಾಂಟೊ ಕ್ಯಾಥೋಲಿಕ್‌ಗೆ 12 ಟ್ರಸ್ಟಿಗಳು; ಸಣ್ಣ ಬೋರ್ಡ್‌ಗಳಿಗೆ ಇದಕ್ಕಿಂತ ಕಡಿಮೆ. ಜೊತೆಗೆ ವಿದ್ಯಾರ್ಥಿ ಟ್ರಸ್ಟಿಗಳು ಇರುತ್ತಾರೆ, ಅವರ ಮತ ಲೆಕ್ಕಕ್ಕಿಲ್ಲ, ಮಾತು ದಾಖಲಾಗುತ್ತದೆ. ಅಧ್ಯಕ್ಷರನ್ನು ಪ್ರತಿ ವರ್ಷ ಆರಿಸುತ್ತಾರೆ. ಅಲ್ಲಿ ಮತ ಸಮವಾದರೆ ಚೀಟಿ ಎತ್ತಬೇಕು, ಕಾಯ್ದೆಯಲ್ಲೇ ಹಾಗಿದೆ. ಉಳಿದ ಯಾವುದೇ ಠರಾವಿಗೆ ಮತ ಸಮವಾದರೆ ಅದು ಬಿದ್ದ ಹಾಗೆ, ಅಧ್ಯಕ್ಷರಿಗೆ ಎರಡನೇ ಮತ ಇಲ್ಲ. ಅನುಮತಿ ಇಲ್ಲದೆ ಸತತ ಮೂರು ಮಾಮೂಲು ಸಭೆಗೆ ಬಾರದ ಟ್ರಸ್ಟಿ ಸ್ಥಾನ ಕಳೆದುಕೊಳ್ಳುತ್ತಾರೆ. ಸಭೆಗಳು ಬಹಿರಂಗ, ಬಾಗಿಲು ಹಾಕಿಕೊಳ್ಳಲು ಕಾರಣಗಳ ಪಟ್ಟಿ ಚಿಕ್ಕದು: ಜಾಗ ಖರೀದಿ, ನೌಕರರ ಜೊತೆ ಮಾತುಕತೆ, ವ್ಯಾಜ್ಯ, ಯಾರದಾದರೂ ಖಾಸಗಿ ಮಾಹಿತಿ, ಬೋರ್ಡ್ ಆಸ್ತಿಯ ಭದ್ರತೆ. ಒಬ್ಬ ಟ್ರಸ್ಟಿಗೆ ಒಬ್ಬರಾಗಿ ಯಾವ ಅಧಿಕಾರವೂ ಇಲ್ಲ. ಶಾಲೆಗೆ ಹೋಗಿ ಪ್ರಿನ್ಸಿಪಾಲರಿಗೆ ಅಪ್ಪಣೆ ಕೊಡುವಂತಿಲ್ಲ. ಬೋರ್ಡ್ ಠರಾವು ಮಾಡುತ್ತದೆ, ಡೈರೆಕ್ಟರ್ ಜಾರಿ ಮಾಡುತ್ತಾರೆ, ಅವರ ಕೆಳಗೆ ಸೂಪರಿಂಟೆಂಡೆಂಟ್‌ಗಳು ಶಾಲೆಗಳ ಗುಂಪು ನೋಡಿಕೊಳ್ಳುತ್ತಾರೆ. ಪೋಷಕರ ದೂರಿಗೂ ಇದೇ ಏಣಿ: ಟೀಚರ್, ಪ್ರಿನ್ಸಿಪಾಲ್, ಸೂಪರಿಂಟೆಂಡೆಂಟ್, ಆಮೇಲೆ ಟ್ರಸ್ಟಿ. ಮೊದಲೇ ಟ್ರಸ್ಟಿಗೆ ಫೋನ್ ಮಾಡಿದರೆ ಅವರು ಮತ್ತೆ ಪ್ರಿನ್ಸಿಪಾಲರ ಹತ್ತಿರವೇ ಕಳಿಸುತ್ತಾರೆ, ನಡುವೆ ಒಂದು ವಾರ ಹೋಗಿರುತ್ತದೆ.

ದುಡ್ಡು ಬಿಟ್ಟು ಧರ್ಮದ ಕಡೆ ಬಂದರೆ ಚಿತ್ರ ತಿರುವುಮುರುವು. ಇಲ್ಲಿ ಬೋರ್ಡ್‌ನ ಮಾತಿಗೆ ತೂಕವಿದೆ. ನೇಮಕ ನೋಡಿ. ಬಿಲ್ 30ರ ಕಾಲದಲ್ಲಿ, ಹತ್ತು ವರ್ಷ ಕಳೆದ ಮೇಲೆ ಹೈಸ್ಕೂಲಿಗೆ ಧರ್ಮ ನೋಡದೆ ಶಿಕ್ಷಕರನ್ನು ತೆಗೆದುಕೊಳ್ಳಬೇಕೆಂಬ ಕಲಮು ಸೇರಿತ್ತು. 1999ರಲ್ಲಿ ಒಂಟಾರಿಯೊದ ಮೇಲ್ಮನವಿ ನ್ಯಾಯಾಲಯ ಅದನ್ನು ಹೊಡೆದುಹಾಕಿತು. ಕ್ಯಾಥೋಲಿಕ್ ಶಿಕ್ಷಕರನ್ನು ಆರಿಸಿಕೊಳ್ಳುವುದು 93ನೇ ವಿಧಿಯ ಒಳಗಿನ ಹಕ್ಕು ಎಂದಿತು. ಹಾಗಾಗಿ ಕಾಯಂ ಹುದ್ದೆಗೆ ಅರ್ಜಿ ಹಾಕುವವರು ಸಾಮಾನ್ಯವಾಗಿ ತಮ್ಮ ಚರ್ಚಿನ ಗುರುಗಳಿಂದ ಪತ್ರ ತರಬೇಕು. ಸುಮ್ಮನೆ ಸಹಿಯಲ್ಲ, ಪೂಜೆಗೆ ಬರುವವರೇ, ಧರ್ಮಕೇಂದ್ರದಲ್ಲಿ ಗುರುತಿದೆಯೇ ಎಂದು ಕೇಳುವ ಪತ್ರ. ಹೊಸ ಊರಿಗೆ ಬಂದು ಚರ್ಚಿನಲ್ಲಿ ಹೆಸರು ನೋಂದಾಯಿಸದೆ ಇದ್ದವರಿಗೆ ಅರ್ಜಿಯ ಕೊನೆ ವಾರದಲ್ಲಿ ಫಾದರ್ ಪತ್ರ ಕೊಡಲು ಒಪ್ಪದೆ ಕೆಲಸ ಕೈತಪ್ಪಬಹುದು.

ಮಕ್ಕಳ ಸೇರ್ಪಡೆಯಲ್ಲಿ ಎರಡು ಬೇರೆ ನಿಯಮ. ಪ್ರಾಥಮಿಕ ಶಾಲೆಗೆ ಮಗುವಿನ ಅಥವಾ ಅಪ್ಪ-ಅಮ್ಮನಲ್ಲಿ ಒಬ್ಬರ ಕ್ಯಾಥೋಲಿಕ್ ಜ್ಞಾನಸ್ನಾನದ ಪತ್ರ ಕೇಳುತ್ತಾರೆ. ಜೊತೆಗೆ ಜನನ ಪತ್ರ, ವಿಳಾಸದ ದಾಖಲೆ, ಲಸಿಕೆ ವಿವರ, ವಲಸೆ ಬಂದವರಾದರೆ ಅದರ ಕಾಗದ. ಡಿಸೆಂಬರ್ 31ರೊಳಗೆ ನಾಲ್ಕು ತುಂಬುವ ಮಗು ಆ ಸೆಪ್ಟೆಂಬರ್‌ನಲ್ಲೇ ಜೂನಿಯರ್ ಕಿಂಡರ್‌ಗಾರ್ಟನ್‌ಗೆ ಹೋಗಬಹುದು. ಜ್ಞಾನಸ್ನಾನದ ಪತ್ರವನ್ನು ಹುಟ್ಟೂರಿನ ಚರ್ಚಿನಿಂದ ತರಿಸಬೇಕಾದವರು ಚಳಿಗಾಲದಲ್ಲೇ ಬರೆದು ಹಾಕುವುದು ಒಳ್ಳೆಯದು. ಕ್ಯಾಥೋಲಿಕರಲ್ಲದ ಕುಟುಂಬದ ಮಗುವನ್ನು ಪ್ರಾಥಮಿಕಕ್ಕೆ ಸೇರಿಸಿಕೊಳ್ಳುವುದು ಬೋರ್ಡ್‌ನ ಇಷ್ಟ; ಜಾಗ ಖಾಲಿ ಇರುವ ಕಡೆ ಬಾಗಿಲು ಸ್ವಲ್ಪ ಸಡಿಲ. ಹೈಸ್ಕೂಲಿಗೆ ಈ ಪತ್ರ ಬೇಡ.

ಹೈಸ್ಕೂಲಿನಲ್ಲಿ ಪ್ರತಿ ವರ್ಷ ಒಂದು ಧರ್ಮಶಿಕ್ಷಣದ ಕ್ರೆಡಿಟ್ ಇರುತ್ತದೆ. ಅದರಿಂದ ವಿನಾಯಿತಿ ಕೇಳುವ ಹಕ್ಕು ಶಿಕ್ಷಣ ಕಾಯ್ದೆಯ 42ನೇ ಕಲಮಿನಲ್ಲಿದೆ. ಪೋಷಕರು, 18 ತುಂಬಿದ್ದರೆ ವಿದ್ಯಾರ್ಥಿಯೇ, ಬರವಣಿಗೆಯಲ್ಲಿ ಕೊಡಬೇಕು. ಸಾರ್ವಜನಿಕ ಬೋರ್ಡ್‌ನಲ್ಲಿ ಓದಲು ಅರ್ಹತೆ ಇರುವವರಿಗೆ ಇದು ಅನ್ವಯ. ತರಗತಿಗೆ ಮಾತ್ರ ವಿನಾಯಿತಿ, ಪೂಜೆಗೂ ಧ್ಯಾನಕೂಟಕ್ಕೂ ಬರಲೇಬೇಕು ಎಂದು ಡಫರಿನ್-ಪೀಲ್ ಬೋರ್ಡ್ ವಾದಿಸಿದಾಗ 2014ರಲ್ಲಿ ನ್ಯಾಯಾಲಯ ಅವಕ್ಕೂ ವಿನಾಯಿತಿ ಉಂಟು ಎಂದಿತು. ಹೈಸ್ಕೂಲ್ ಡಿಪ್ಲೊಮಾಗೆ ಬೇಕಾದ 30 ಕ್ರೆಡಿಟ್ ಮಾತ್ರ ತುಂಬಬೇಕು, ಬಿಟ್ಟದ್ದರ ಬದಲು ಬೇರೆ ಕೋರ್ಸ್ ತೆಗೆದುಕೊಂಡು. ಶಾಲೆಯವರು ತಾವಾಗಿ ಇದನ್ನು ಹೇಳುತ್ತಾರೆಂದು ಕಾಯಬೇಡಿ.

ಹಾಗೆಂದು ಧರ್ಮದ ಹೆಸರು ಹೇಳಿದರೆ ಎಲ್ಲವೂ ನಡೆಯುವುದಿಲ್ಲ. 2002ರಲ್ಲಿ ಡರಂ ಪ್ರದೇಶದ ಕ್ಯಾಥೋಲಿಕ್ ಶಾಲೆಯೊಂದು ಮಾರ್ಕ್ ಹಾಲ್ ಎಂಬ ವಿದ್ಯಾರ್ಥಿ ತನ್ನ ಗೆಳೆಯನನ್ನು ಪ್ರಾಮ್ ಎಂಬ ಬೀಳ್ಕೊಡುಗೆ ನೃತ್ಯಕೂಟಕ್ಕೆ ಜೋಡಿಯಾಗಿ ಕರೆತರುವುದನ್ನು ತಡೆದಾಗ, ನ್ಯಾಯಾಲಯ ಅವನ ಪರ ತಡೆಯಾಜ್ಞೆ ಕೊಟ್ಟಿತು. 2012ರ ಕಾಯ್ದೆಯಂತೆ ಸಲಿಂಗಿ ವಿದ್ಯಾರ್ಥಿಗಳ ಬೆಂಬಲ ಕೂಟ ಬೇಕೆಂದು ವಿದ್ಯಾರ್ಥಿಗಳು ಕೇಳಿದರೆ ಕ್ಯಾಥೋಲಿಕ್ ಶಾಲೆಯೂ ಒಪ್ಪಬೇಕು.

ಬೇರೆ ಧರ್ಮದವರ ಕೊರಗು ನ್ಯಾಯವಾದದ್ದೇ. ಯಹೂದಿ ಮತ್ತು ಇತರ ಕ್ರೈಸ್ತ ಶಾಲೆಗಳ ಪೋಷಕರು 1996ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು; ಸಂವಿಧಾನವೇ ಕೊಟ್ಟ ವಿಶೇಷ ಹಕ್ಕನ್ನು ಸಮಾನತೆಯ ಕಲಮಿನಿಂದ ಅಳೆಯಲಾಗದು ಎಂಬುದು ತೀರ್ಪಿನ ಸಾರ. 1999ರಲ್ಲಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ ಇದು ತಾರತಮ್ಯವೇ ಎಂದಿತು. ಒಂಟಾರಿಯೊ ಏನೂ ಬದಲಾಯಿಸಲಿಲ್ಲ. 2007ರ ಚುನಾವಣೆಯಲ್ಲಿ ಎಲ್ಲ ಧರ್ಮದ ಶಾಲೆಗಳಿಗೂ ಹಣ ಕೊಡುತ್ತೇವೆಂದು ಹೊರಟ ವಿರೋಧ ಪಕ್ಷದ ನಾಯಕ ಜಾನ್ ಟೋರಿ ಸೋತರು; ಅಂದಿನಿಂದ ಯಾವ ದೊಡ್ಡ ಪಕ್ಷವೂ ಈ ಜೇನುಗೂಡಿಗೆ ಕೈ ಹಾಕಿಲ್ಲ. ಕೈ ಹಾಕಲು ಆಗುವುದೇ ಇಲ್ಲ ಎಂದಲ್ಲ. ಪ್ರಾಂತ್ಯದ ಶಾಸನಸಭೆ ಮತ್ತು ಒಟ್ಟಾವದ ಸಂಸತ್ತು ಎರಡೂ ಠರಾವು ಮಾಡಿದರೆ ಸಾಕು. 1997ರಲ್ಲಿ ಕ್ವಿಬೆಕ್ ಹಾಗೆ ತಿದ್ದುಪಡಿ ಮಾಡಿಕೊಂಡು ಧಾರ್ಮಿಕ ಬೋರ್ಡ್‌ಗಳನ್ನು ಭಾಷಾ ಬೋರ್ಡ್‌ಗಳಾಗಿ ಬದಲಿಸಿತು, ನ್ಯೂಫೌಂಡ್‌ಲ್ಯಾಂಡ್ ಜನಮತ ಕೇಳಿ ಚರ್ಚಿನ ಶಾಲೆಗಳನ್ನು ಮುಗಿಸಿತು. ಆಲ್ಬರ್ಟಾ, ಸಸ್ಕಾಚೆವಾನ್‌ಗಳಲ್ಲಿ ಸೆಪರೇಟ್ ಶಾಲೆಗಳು ಉಳಿದಿವೆ.

ಈಗಿನ ಒತ್ತಡ ಬೇರೆ ದಿಕ್ಕಿನದು. ಲೆಕ್ಕ ಹಳಿ ತಪ್ಪಿದ ಬೋರ್ಡ್‌ಗೆ ಸಚಿವರು ಮೇಲ್ವಿಚಾರಕರನ್ನು ನೇಮಿಸಬಹುದು. ಆಮೇಲೆ ಟ್ರಸ್ಟಿಗಳ ಕೈ ಕಟ್ಟಿದ ಹಾಗೆ. ಟೊರಾಂಟೊ ಕ್ಯಾಥೋಲಿಕ್ ಬೋರ್ಡ್ 2008ರಲ್ಲಿ ಒಮ್ಮೆ ಇದನ್ನು ಕಂಡಿತ್ತು. 2025ರ ಜೂನ್‌ನಲ್ಲಿ ಮತ್ತೆ ಅದನ್ನೂ, ಮಿಸಿಸಾಗಾ-ಬ್ರ್ಯಾಂಪ್ಟನ್ ಭಾಗದ ಡಫರಿನ್-ಪೀಲ್ ಕ್ಯಾಥೋಲಿಕ್ ಬೋರ್ಡನ್ನೂ, ಎರಡು ಸಾರ್ವಜನಿಕ ಬೋರ್ಡ್‌ಗಳ ಜೊತೆ ಸರ್ಕಾರ ತನ್ನ ಹಿಡಿತಕ್ಕೆ ತೆಗೆದುಕೊಂಡಿತು. ಬಜೆಟ್, ಸಿಬ್ಬಂದಿ, ಕಟ್ಟಡ ಎಲ್ಲ ಆಗ ಮೇಲ್ವಿಚಾರಕರ ಸಹಿಗೆ ಬರುತ್ತವೆ. ಆದರೆ ಅದೇ ಕಾಯ್ದೆಯಲ್ಲಿ ಒಂದು ಸಣ್ಣ ಸಾಲು ಉಳಿದುಕೊಂಡಿದೆ: ಮೇಲ್ವಿಚಾರಣೆಯ ಅಧಿಕಾರವನ್ನು ರೋಮನ್ ಕ್ಯಾಥೋಲಿಕ್ ಬೋರ್ಡ್‌ನ ಧಾರ್ಮಿಕ ಸ್ವರೂಪಕ್ಕೆ ಧಕ್ಕೆ ಬರುವಂತೆ ಬಳಸುವಂತಿಲ್ಲ. ಯಾವುದು ಲೆಕ್ಕದ ವಿಷಯ, ಯಾವುದು ಧಾರ್ಮಿಕ ಸ್ವರೂಪ? ಶಾಲೆಯಲ್ಲಿ ಮಕ್ಕಳಿಗೆ ಧಾರ್ಮಿಕ ಮಾರ್ಗದರ್ಶನ ಮಾಡುವ ಚಾಪ್ಲೆನ್ ಹುದ್ದೆ ಕಡಿತ ಮಾಡಿದರೆ ಅದು ಯಾವ ಪಟ್ಟಿಗೆ ಸೇರುತ್ತದೆ? ಅದನ್ನು ತೀರ್ಮಾನಿಸಬೇಕಾದವರು ಮತ್ತೆ 1863ರ ಸ್ಕಾಟ್ ಕಾಯ್ದೆಯನ್ನೇ ತೆಗೆದು ಓದಬೇಕಾಗುತ್ತದೆ.